ಟಿಕೆಟ್ ಬದಲು ಕಂಬಳಿ: ಶಿವಮೊಗ್ಗದಲ್ಲಿ ಸಂಗೀತ ಸಂಜೆ

ಪ್ರಶ್ನೆ: ಜುಲೈನಲ್ಲಿ ಕುವೆಂಪು ರಂಗಮಂದಿರದಲ್ಲಿ ಸುಗಮ ಸಂಗೀತ ಇಟ್ಟು, ಬೀದಿಬದಿ ಮಲಗುವವರಿಗೆ ಸಾಮಗ್ರಿ ಸಂಗ್ರಹಿಸುವ ಯೋಚನೆಯಿದೆ. ಏನೇನು ಕೇಳಬೇಕು?

ಮಳೆನಾಡಿಗ: ಬರೀ ‘ಬಟ್ಟೆ ಕೊಡಿ’ ಅಂದರೆ ಹಳೇ ಸೀರೆಗಳ ರಾಶಿ ಬೀಳುತ್ತೆ. ಉಣ್ಣೆ ಕಂಬಳಿ, ಟಾರ್ಪಾಲು, ಹೊಸ ಒಳಉಡುಪು, ಸೋಪು, ಸ್ಯಾನಿಟರಿ ಪ್ಯಾಡ್ ಅಂತ ಪೋಸ್ಟರಿನಲ್ಲೇ ಹಾಕಿ. ಹತ್ತಿ ರಜಾಯಿ ಬೇಡವೇ ಬೇಡ. ನಮ್ಮ ಮಳೆಗೆ ನೆಂದರೆ ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಉಣ್ಣೆ ನೆಂದರೂ ಅಷ್ಟಿಷ್ಟು ಬೆಚ್ಚಗಿರುತ್ತೆ.

ತುಂಗಾತೀರ: ಬಾಗಿಲಲ್ಲಿ ಒಂದೇ ಮೇಜಿಟ್ಟರೆ ಸಾಲು ಮಳೆಯಲ್ಲೇ ನಿಲ್ಲಬೇಕಾಗುತ್ತೆ. 3 ಮೇಜು ಹಾಕಿ, 1 ಗಂಟೆ ಮೊದಲೇ ತೆರೆಯಿರಿ. ಒದ್ದೆ ಚೀಲ ಪ್ರತ್ಯೇಕ, ಇಲ್ಲದಿದ್ದರೆ ಇಡೀ ಮೂಟೆ ಮುಗ್ಗಲು.

ಮಳೆನಾಡಿಗ: ಹಂಚುವ ಮುಂಚೆ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ, ಬೀದಿಬದಿ ಮಲಗುವವರ ತಲೆಯೆಣಿಕೆ ಮಾಡಿಕೊಳ್ಳಿ. ಫೋಟೋಗೆ ನಿಲ್ಲಿಸಬೇಡಿ, ದಯವಿಟ್ಟು.