ಪದಚರ್ಚೆ: ಫ್ರೆಸ್ಕೊಗೆ ‘ಭಿತ್ತಿಚಿತ್ರ’ ಸಾಕೇ?

ಗೆಳೆಯರೇ,

ಇಟಲಿಯ ಹಳೆಯ ಚರ್ಚುಗಳ ಗೋಡೆಚಿತ್ರಗಳನ್ನು ವಿಜ್ಞಾನಿಗಳು ಹೇಗೆ ಪರೀಕ್ಷೆ ಮಾಡುತ್ತಾರೆ ಅನ್ನುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡನೇ ಪ್ಯಾರಾದಲ್ಲೇ ಪದ ಕೈಕೊಟ್ಟಿತು. ಫ್ರೆಸ್ಕೊ ಅಂದರೆ ಭಿತ್ತಿಚಿತ್ರ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಭಿತ್ತಿ ಅಂದರೆ ಬರೀ ಗೋಡೆ. ಬಣ್ಣ ಹಚ್ಚುವಾಗ ಆ ಗೋಡೆ ಹಸಿ ಇತ್ತೋ ಒಣಗಿತ್ತೋ, ಆ ಪದ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು!

ಫ್ರೆಸ್ಕೊ ಅನ್ನುವ ಇಟಾಲಿಯನ್ ಮಾತಿಗೆ ‘ಹಸಿ’ ಅಂತಲೇ ಅರ್ಥ. ಅರಳಿಸಿದ ಸುಣ್ಣಕ್ಕೆ ಮರಳು ಬೆರೆಸಿ ಗೋಡೆಗೆ ಗಾರೆ ಮಾಡುತ್ತಾರೆ. ಅದು ಹದವಾಗಿ ಹಸಿ ಇರುವಾಗಲೇ, ನೀರಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾರೆ. ಅಂಟು ಬೇಡ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣದ ಕಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಣಗಿದ ಗೋಡೆಯ ಮೇಲೆ ಬರೆಯುವುದಕ್ಕೆ ಅವರು ‘ಸೆಕ್ಕೊ’ ಅನ್ನುತ್ತಾರೆ. ಅಲ್ಲಿ ಮೊಟ್ಟೆಯೋ ಸರೇಸೋ ಏನಾದರೂ ಅಂಟು ಬೇಕೇ ಬೇಕು.

ಒಂದೇ ಗೋಡೆಯಲ್ಲಿ ಎರಡೂ ಇರುವುದು ಮಾಮೂಲು, ಗೊಂದಲ ಆಗುವುದೇ ಇಲ್ಲಿ. ಇಟಲಿಯ ಪಡುವಾ ಊರಿನ ಸ್ಕ್ರೊವೆನ್ಯಿ ಚಾಪೆಲ್ (ಪುಟ್ಟ ಚರ್ಚು) ನೋಡಿ. ಜೊತ್ತೊ ಅನ್ನುವ ಚಿತ್ರಕಾರ ಅದರ ಗೋಡೆಗಳಿಗೆ ಬಣ್ಣ ಹಚ್ಚಿದ್ದು 1305ರ ಸುಮಾರಿಗೆ. ಹೆಚ್ಚಿನದು ಹಸಿ ಗಾರೆಯ ಮೇಲಿನ ಕೆಲಸ. ಆದರೆ ಮೇರಿಯ ನೀಲಿ ಮೇಲುಡುಪು ಕೆಲವು ಕಡೆ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿದೆ. ಪಕ್ಕದ ಮುಖಗಳು ಮಾತ್ರ ಗಟ್ಟಿಯಾಗಿವೆ. ಆ ನೀಲಿ ಅಜುರೈಟ್, ತಾಮ್ರದ ಖನಿಜ. ನುಣ್ಣಗೆ ಅರೆದರೆ ಬಣ್ಣ ಮಂಕಾಗುತ್ತದೆ. ತರಿ ತರಿಯಾಗಿ ಬಿಟ್ಟರೆ ಸುಣ್ಣಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಗೋಡೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು. ಅಂಟು ಸತ್ತಿತು, ನೀಲಿ ಉದುರಿತು. ಈಗ ಇದನ್ನೆಲ್ಲ ‘ಭಿತ್ತಿಚಿತ್ರದ ಮೇಲೆ ಭಿತ್ತಿಚಿತ್ರ’ ಅಂತ ಬರೆಯಲಾ?

ಪರೀಕ್ಷೆಗೆ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರ (ಬಣ್ಣದಲ್ಲಿ ಯಾವ ಧಾತುಗಳಿವೆ ಅಂತ ತೋರಿಸುವಂಥದ್ದು) ಹಿಡಿದರೆ ‘ತಾಮ್ರ ಇದೆ’ ಅಂತಷ್ಟೇ ಹೇಳುತ್ತದೆ. ಅದು ನೀಲಿಯ ಅಜುರೈಟೋ ಹಸಿರಿನ ಮ್ಯಾಲಕೈಟೋ ಅನ್ನುವುದಕ್ಕೆ, ಬೆಳಕು ಚದುರುವ ರೀತಿ ನೋಡಿ ವಸ್ತುವನ್ನು ಗುರುತಿಸುವ ರಾಮನ್ ಪರೀಕ್ಷೆ ಬೇಕು (ನಮ್ಮ ಸಿ.ವಿ. ರಾಮನ್ ಅವರ ಹೆಸರಿನದೇ). ಹಸಿಯೋ ಒಣವೋ ಅನ್ನುವುದಕ್ಕೆ ಸಾಸಿವೆಗಿಂತ ಚಿಕ್ಕ ಚೂರು ತೆಗೆದು, ಅಡ್ಡ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಬಣ್ಣ ಸುಣ್ಣದೊಳಗೆ ಬೆರೆತಿದ್ದರೆ ಹಸಿ ಕೆಲಸ. ನಡುವೆ ಸ್ಪಷ್ಟ ಗೆರೆ ಇದ್ದು, ಮೇಲೆ ಬೇರೆ ಪದರವಾಗಿ ಕೂತಿದ್ದರೆ ಸಾಮಾನ್ಯವಾಗಿ ಒಣ ಕೆಲಸ. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಮೂರನೆಯದೂ ಒಂದಿದೆ. ಡೆನ್ಮಾರ್ಕಿನ ಹಳ್ಳಿ ಚರ್ಚುಗಳಲ್ಲಿ ಒಣಗಿದ ಗಾರೆಗೆ ಸುಣ್ಣ ಬಳಿದು, ಅದರ ಮೇಲೆ ಬರೆಯುತ್ತಿದ್ದರು. ಅವರ ಭಾಷೆಯಲ್ಲಿ ಅದಕ್ಕೆ ನೇರವಾಗಿ ‘ಸುಣ್ಣಚಿತ್ರ’ ಅಂತಲೇ ಹೆಸರು.

ನನ್ನ ಸಲಹೆ: ಹಸಿಗಾರೆ ಚಿತ್ರ, ಒಣಗಾರೆ ಚಿತ್ರ, ಸುಣ್ಣಚಿತ್ರ. ಎಲ್ಲಕ್ಕೂ ಸೇರಿ ಗೋಡೆಚಿತ್ರ ಅಥವಾ ಭಿತ್ತಿಚಿತ್ರ ಇರಲಿ. ‘ಆರ್ದ್ರಭಿತ್ತಿಚಿತ್ರ’ದಂಥದ್ದು ದಯವಿಟ್ಟು ಬೇಡ, ಓದುವವರು ಅಲ್ಲೇ ಪುಟ ಮಗುಚುತ್ತಾರೆ. ಗಾರೆಯ ಕೆಳಗೆ ಕೆಮ್ಮಣ್ಣಿನಲ್ಲಿ ಎಳೆಯುವ ಕರಡು ಗೆರೆಗೆ ಇಟಲಿಯವರು ‘ಸಿನೋಪಿಯ’ ಅನ್ನುತ್ತಾರೆ. ಅದಕ್ಕೆ ‘ಜಾಜುಗೆರೆ’ ನಡೆಯುತ್ತದೆ ಅನ್ನಿಸುತ್ತದೆ.

ಸಿಕ್ಕಿಕೊಂಡಿರುವುದು ‘ಜೊರ್ನಾತ’ ಹತ್ತಿರ. ಬೆಳಿಗ್ಗೆ ಎದ್ದು ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಗಾರೆ ಹಾಕುತ್ತಿದ್ದರು. ಆ ತುಂಡಿಗೆ ಈ ಹೆಸರು. ಒಂದು ಮುಖಕ್ಕೇ ಒಂದು ತುಂಡು ಇರಬಹುದು. ಬರೀ ಆಕಾಶವಾದರೆ ಮಾರುದ್ದ. ಗೋಡೆಗೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ತುಂಡುಗಳ ಅಂಚು ಎದ್ದು ಕಾಣುತ್ತದೆ. ಯಾವ ಅಂಚು ಯಾವುದರ ಮೇಲೆ ಹತ್ತಿದೆ ಅಂತ ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತದೆ. ‘ದಿನಗೆಲಸ’ ಅಂದರೆ ಕೂಲಿ ಲೆಕ್ಕದ ಹಾಗೆ ಕೇಳುತ್ತದೆ. ‘ದಿನದ ತುಂಡು’ ಸ್ವಲ್ಪ ಪರವಾಗಿಲ್ಲ, ಆದರೆ ಚಿಕ್ಕ ತುಂಡಾದರೆ ಒಂದೇ ದಿನಕ್ಕೆ ಎರಡೂ ಆಗಬಹುದು, ಅಲ್ವಾ?

ಹಾಗಾಗಿ ಗಾರೆ ಕೆಲಸ ಬಲ್ಲವರನ್ನು ಕೇಳುತ್ತಿದ್ದೇನೆ. ನಿನ್ನೆ ಹಾಕಿದ ಗಾರೆಗೆ ಇವತ್ತಿನ ಗಾರೆ ಕೂಡಿಸುವ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಒಂದು ಸಲಕ್ಕೆ ಹಾಕುವಷ್ಟು ಗಾರೆಗೆ ಹೆಸರಿದೆಯಾ? ಕರಾವಳಿಯವರು ದಯವಿಟ್ಟು ಹೇಳಿ. ಕೆಮ್ಮಣ್ಣಿನ ಬಣ್ಣದ ಮೇಲ್ಪದರ ಗೀರಿ ಚಿತ್ರ ಮಾಡುವ ಕಾವಿ ಕಲೆಯಲ್ಲೂ ಗಾರೆ ಹಸಿ ಇರುವಾಗಲೇ ಗೀರಿ ಮುಗಿಸಬೇಕು, ಹಾಗಾಗಿ ಅದನ್ನು ಮಾಡುವವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದೇ ಇರಬೇಕು.