ತಂಗಿಗೆ ಬಿಎ ಹಿಸ್ಟರಿಯೇ ಬೇಕಂತೆ, ಸೇರಿಸಬಹುದಾ?

ಪೆರ್ಲದವ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹದಿನೈದು ದಿನದಿಂದ ಇದೇ ಗಲಾಟೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ತಂಗಿ ಪ್ಲಸ್ ಟೂ ಸೈನ್ಸ್ ಮುಗಿಸಿದ್ದಾಳೆ, ಮಾರ್ಕು ಚೆನ್ನಾಗಿಯೇ ಬಂದಿದೆ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಅಪ್ಪ ಮಂಗಳೂರಿನಲ್ಲಿ ಬಿಸಿಎ ಮಾಡಲಿ ಅಂತಾರೆ, ಅಮ್ಮನಿಗೆ ನರ್ಸಿಂಗ್, ಇವಳು ಮಾತ್ರ ಬಿಎ ಹಿಸ್ಟರಿ ಅಂತ ಹಟ ಹಿಡಿದು ಕೂತಿದ್ದಾಳೆ. ಸೈನ್ಸ್ ತೆಗೆದುಕೊಂಡದ್ದೇ ನಮ್ಮ ಒತ್ತಾಯಕ್ಕೆ. ಎರಡು ವರ್ಷ ನಿಮ್ಮ ಮಾತು ಕೇಳಿದೆ, ಇನ್ನು ನನ್ನದು ಕೇಳಿ ಅಂತಾಳೆ. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ.

ನಾನು ಡಿಪ್ಲೊಮಾ ಮಾಡಿ ಗಲ್ಫಿನಲ್ಲಿ ಎಸಿ ಕೆಲಸದಲ್ಲಿದ್ದೇನೆ, ಈಗ ರಜೆಯಲ್ಲಿ ಬಂದಿದ್ದೇನೆ, ಇನ್ನು ಹತ್ತು ದಿನ ಇದೆ. ಫೀಸು ಕಟ್ಟುವವನು ನಾನು, ಹಾಗಾಗಿ ಊಟಕ್ಕೆ ಕೂತರೆ ಮೂವರೂ ನನ್ನ ಮುಖವನ್ನೇ ನೋಡುತ್ತಾರೆ. ಆರ್ಟ್ಸ್ ಅಂದ್ರೆ ನನಗೇನೂ ತಾತ್ಸಾರ ಇಲ್ಲ. ಆದರೆ ನನ್ನ ಜೊತೆ ಓದಿದವನೊಬ್ಬ ಬಿಎ ಮುಗಿಸಿ ಆರು ವರ್ಷದಿಂದ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದಾನೆ. ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಇದನ್ನು ಓದಿದವರು ನಿಜವಾಗಿ ಏನು ಮಾಡುತ್ತಿದ್ದಾರೆ, ಅದನ್ನು ಹೇಳಿ. ಸುಮ್ನೆ ‘ಆಸಕ್ತಿ ಇದ್ದರೆ ಓದಲಿ’ ಅಂತ ಹೇಳಬೇಡಿ, ಅದನ್ನು ಈಗಾಗಲೇ ಎಂಟು ಜನ ಹೇಳಿಯಾಗಿದೆ.

ಬಂದ್ಯೋಡು ಬಸ್:
ಬಿಸಿಎ ಮಾಡಿಸಿ ಮಾರಾಯ್ರೇ. ಹಿಸ್ಟರಿ ಬೇಕಾದರೆ ಮೊಬೈಲಲ್ಲೂ ಓದಬಹುದು. ನಾನೂ ಬಿಎಯೇ, ಈಗ ಟ್ರಾವೆಲ್ಸ್ ನಡೆಸುತ್ತಿದ್ದೇನೆ. ಮೂರು ವರ್ಷ ಓದಿದ್ದರಲ್ಲಿ ಒಂದೂ ಉಪಯೋಗಕ್ಕೆ ಬಂದಿಲ್ಲ. ಬೇಕಲ ಕೋಟೆಗೆ ಪಾರ್ಟಿ ಕರೆದುಕೊಂಡು ಹೋದಾಗ ಶಿವಪ್ಪ ನಾಯಕನ ಹೆಸರು ಹೇಳುತ್ತೇನೆ, ಅಷ್ಟೇ.

ಹಳೇ ಆಧಾರ:
ಬಂದ್ಯೋಡಿನವರೇ, ಆ ಹೆಸರು ಹೇಳಿದ್ದಕ್ಕೆ ಪಾರ್ಟಿ ನಿಮ್ಮನ್ನೇ ಮತ್ತೆ ಕರೆಯುವುದು ಅಲ್ವಾ? ಅದೂ ಉಪಯೋಗವೇ.

ಪೆರ್ಲದ ಅಣ್ಣ, ನನ್ನದು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು. ನಾನು ಬಿಎ ಹಿಸ್ಟರಿ, ಎಂಎ ಕೂಡ ಅದೇ. ಕಾಸರಗೋಡಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸೇರುವಾಗ ಟೈಪಿಂಗ್‌ಗೆ ಅಂತ ಸೇರಿದ್ದು. ಈಗ ನನ್ನ ಮುಖ್ಯ ಕೆಲಸ ಹಳೇ ಕಾಗದ ಓದುವುದು. ನಮ್ಮ ತಾಲೂಕು 1956 ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು, ಮದ್ರಾಸಿನ ಆಡಳಿತ. ಆಗಿನ ಜಾಗದ ಕಾಗದ ಎಷ್ಟೋ ಕನ್ನಡದಲ್ಲಿ, ಕೈಬರಹದಲ್ಲಿ ಇವೆ. ಈಗಿನ ವಕೀಲರಲ್ಲಿ ಜಾಸ್ತಿ ಜನರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಬರುವವರಿಗೂ ಆ ಮೋಡಿ ಅಕ್ಷರದಂಥ ಕೂಡುಬರಹ ಓದಲಿಕ್ಕೆ ಆಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಒಂದು ಚೀಟು, ಅಂದ್ರೆ ಗೇಣಿ ಕರಾರಿನ ಕಾಗದ, ಬಂತು, ಮಡಿಕೆಯ ಜಾಗಕ್ಕೆ ಸರಿಯಾಗಿ ಗೆದ್ದಲು ತಿಂದಿತ್ತು. ಉಳಿದದ್ದು ‘ಗೇಣಿ’ ಅನ್ನುವ ಎರಡಕ್ಷರ. ಮೊದಲಿನದ್ದು ಮೂಲಗೇಣಿಯೋ ಚಾಲಗೇಣಿಯೋ ಅಂತಲೇ ಜಗಳ. ಮೂಲಗೇಣಿ ಅಂದ್ರೆ ಮಕ್ಕಳು ಮೊಮ್ಮಕ್ಕಳವರೆಗೆ ನಡೆಯುವ ಶಾಶ್ವತ ಗೇಣಿ, ಗೇಣಿಯೂ ಏರುವುದಿಲ್ಲ. ಚಾಲಗೇಣಿಯಾದರೆ ಮುದ್ದತು ಮುಗಿದು ಧಣಿ ಬಿಡು ಅಂದಾಗ ಬಿಡಬೇಕು. ಎರಡು ದಿನ ಅದೇ ಕಾಗದ ಹಿಡಿದು ಕೂತೆ. ಕೆಳಗೆ ‘ಸದರಿ ಮುದ್ದತು ತೀರಿದೊಡನೆ’ ಅಂತ ಒಂದು ಸಾಲು ಸಿಕ್ಕಿತು. ಮೂಲಗೇಣಿಗೆ ಮುದ್ದತು ಎಲ್ಲಿಂದ ಬರಬೇಕು? ಅಲ್ಲಿಗೆ ಚಾಲಗೇಣಿ ಅಂತ ಆಯಿತು. ಮೇಷ್ಟ್ರು ಕ್ಲಾಸಿನಲ್ಲಿ ‘ಕಾಗದದಲ್ಲಿ ಇಲ್ಲದ್ದನ್ನು ಇರುವುದರಿಂದ ಹಿಡಿಯಬೇಕು’ ಅಂತ ಹೇಳುತ್ತಿದ್ದರು, ಆಗ ನಾನು ಕೊನೆ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದೆ.

ಸಂಬಳ ಕೇಳಿದರೆ, ಬಿಸಿಎ ಮಾಡಿ ಬೆಂಗಳೂರಿಗೆ ಹೋದ ನನ್ನ ಭಾವನ ಅರ್ಧವೂ ಇಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೆಲಸ ಹುಡುಕಿಕೊಂಡು ಹೋದದ್ದಿಲ್ಲ, ಪಕ್ಕದ ಆಫೀಸುಗಳಿಂದಲೂ ಕಾಗದ ಹಿಡಿದುಕೊಂಡು ಬರುತ್ತಾರೆ.

ಚಾಕ್‌ಪೀಸ್:
ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪೆರ್ಲದವರೇ, ಆಧಾರದವರು ಹೇಳಿದ್ದು ಚಂದ ಇದೆ, ಆದರೆ ಅಂಥ ಕೆಲಸ ಎಷ್ಟು ಜನರಿಗೆ ಸಿಗುತ್ತದೆ? ಹೆಚ್ಚಿನವರು ಹೋಗುವ ದಾರಿ ಟೀಚಿಂಗ್. ಆ ದಾರಿ ಎಷ್ಟು ಉದ್ದ ಅಂತ ಮೊದಲೇ ತಿಳಿದಿರಲಿ. ಡಿಗ್ರಿ, ಆಮೇಲೆ ಎರಡು ವರ್ಷ ಬಿ.ಎಡ್, ಆಮೇಲೆ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್, ಆಮೇಲೆ ಸರ್ಕಾರಿ ನೇಮಕದ ಪಿಎಸ್‌ಸಿ. ಪ್ಲಸ್ ಟೂಗೆ ಪಾಠ ಮಾಡಬೇಕಾದರೆ ಎಂಎ ಮತ್ತು ಸೆಟ್ ಅನ್ನುವ ಇನ್ನೊಂದು ಅರ್ಹತಾ ಪರೀಕ್ಷೆ ಬೇರೆ. ಪಿಎಸ್‌ಸಿ ಕರೆದಾಗ ಬರೆಯಬೇಕು, ಲಿಸ್ಟ್ ಬರುವವರೆಗೆ ಕಾಯಬೇಕು. ನಾನು ನಾಲ್ಕು ವರ್ಷ ಕಾದಿದ್ದೇನೆ. ಬೆಳಿಗ್ಗೆ ಡೈಲಿವೇಜಿಗೆ ಪಾಠ, ಸಂಜೆ ಟ್ಯೂಷನ್, ರಾತ್ರಿ ಅಮ್ಮನ ಜೊತೆ ಬೀಡಿ ಕಟ್ಟಿದ್ದೂ ಇದೆ. ಅದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು. ತಂಗಿ ಕನ್ನಡ ಮೀಡಿಯಂ ಅಂದ್ರಿ. ಇಲ್ಲಿ ಕನ್ನಡ ಬಲ್ಲವರಿಗೇ ಇರುವ ಹುದ್ದೆಗಳಿವೆ. ಕನ್ನಡ, ಮಲಯಾಳ ಎರಡನ್ನೂ ತಪ್ಪಿಲ್ಲದೆ ಓದಿ ಬರೆಯುವವರು ಮಾತ್ರ ಕಡಿಮೆ. ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಸಾಲದು. ಅವಳು ಹಿಸ್ಟರಿ ಓದಲಿ, ಕನ್ನಡ ಓದಲಿ, ಈ ಎರಡು ಭಾಷೆಯನ್ನು ಮಾತ್ರ ಬಿಡಬಾರದು ಅಂತ ನನ್ನ ಕಡೆಯಿಂದ ಹೇಳಿ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಬಿಎ ಕನ್ನಡವೂ ಇದೆ, ಎಂಎಯೂ ಇದೆ. ಫೀಸು ಮಂಗಳೂರಿನ ಖಾಸಗಿ ಕಾಲೇಜಿಗೆ ಹೋಲಿಸಿದರೆ ಏನೂ ಅಲ್ಲ. ನಿಮಗೆ ಅದೂ ಒಂದು ಲೆಕ್ಕ.

ಬಂದ್ಯೋಡು ಬಸ್:
ಟೀಚರೇ, ನಾಲ್ಕು ವರ್ಷ ಕಾಯುವುದಕ್ಕಿಂತ ಬಿಸಿಎ ಒಳ್ಳೆಯದು ಅಂತ ನೀವೇ ಹೇಳಿದ ಹಾಗಾಯಿತು.

ಚಾಕ್‌ಪೀಸ್:
ಹೌದು, ಕಾಯಲಿಕ್ಕೆ ಆಗದವರಿಗೆ ಬಿಸಿಎಯೇ ಒಳ್ಳೆಯದು. ನನಗೆ ಕಾಯಲಿಕ್ಕೆ ಆಯಿತು.

ಎರಡನೇ ವರ್ಷ:
ಅಣ್ಣ, ನಾನು ಈಗ ಓದುತ್ತಿರುವವಳು, ಹಾಗಾಗಿ ಹೊಸ ಕ್ರಮ ಹೇಳುತ್ತೇನೆ. ಇಲ್ಲಿ ಹೇಳುತ್ತಿರುವವರೆಲ್ಲ ಹಳೇ ಮೂರು ವರ್ಷದ ಬಿಎಯವರು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೂರು ವರ್ಷಕ್ಕೆ ಬಿಟ್ಟರೂ ಡಿಗ್ರಿ ಸಿಗುತ್ತದೆ, ನಾಲ್ಕು ಮಾಡಿದರೆ ಆನರ್ಸ್. ಒಂದು ಮೇಜರ್, ಅದರ ಜೊತೆ ಮೈನರ್ ಅಂತ ಬೇರೆ ವಿಷಯ ತೆಗೆದುಕೊಳ್ಳಬಹುದು. ನನ್ನದು ಮೇಜರ್ ಎಕನಾಮಿಕ್ಸ್, ಮೈನರ್ ಹಿಸ್ಟರಿ. ಸಬ್ಜೆಕ್ಟ್ ಹಿಡಿಸದಿದ್ದರೆ ಒಂದು ವರ್ಷ ಆದ ಮೇಲೆ ಮೇಜರ್ ಬದಲಿಸಲಿಕ್ಕೂ ಅವಕಾಶ ಇದೆ, ಸೀಟು ಇರಬೇಕು ಅಷ್ಟೇ. ಹಾಗಾಗಿ ಹಿಸ್ಟರಿ ಅಂದ ಕೂಡಲೇ ಬೇರೆ ಎಲ್ಲ ಬಾಗಿಲು ಮುಚ್ಚಿತು ಅಂತ ಅಪ್ಪನಿಗೆ ಹೆದರಿಕೆ ಬೇಡ. ಆಮೇಲೆ ಪೆರಿಯದ ಕೇಂದ್ರ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ಎಂಎ ಮಾಡಬಹುದು, ಬೇಡ ಅಂದ್ರೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಲಾ ಅಂತ ಕುಣಿಯುತ್ತಿದ್ದಾರೆ.

ಒಂದು ತೊಂದರೆ ಇದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಮಗೆ ಇಂಗ್ಲಿಷ್ ಪುಸ್ತಕ ಓದಿ ಅಸೈನ್‌ಮೆಂಟ್ ಬರೆಯುವಾಗ ಮೊದಲ ಸೆಮಿಸ್ಟರ್ ಉಸಿರು ಕಟ್ಟುತ್ತದೆ. ನಾನು ಎರಡು ಸಲ ಟಿಸಿ ತೆಗೆದುಕೊಳ್ಳುತ್ತೇನೆ ಅಂತ ಅತ್ತಿದ್ದೇನೆ. ಪ್ಲಸ್ ಟೂ ಸೈನ್ಸ್ ಮಾಡಿದ್ದಾಳಲ್ಲ, ಅವಳಿಗೆ ಇಂಗ್ಲಿಷ್ ಅಷ್ಟು ಕಷ್ಟ ಆಗಲಿಕ್ಕಿಲ್ಲ.

ಹಳೇ ಆಧಾರ:
ಪೆರ್ಲದ ಅಣ್ಣ, ಒಂದು ಕೆಲಸ ಮಾಡಿ. ಮನೆಯಲ್ಲಿ ಅಜ್ಜನ ಕಾಲದ ಕಾಗದ ಇರಬೇಕಲ್ಲ, ಅಟ್ಟದಲ್ಲೋ ಪೆಟ್ಟಿಗೆಯಲ್ಲೋ. ತೆಗೆದು ತಂಗಿಯ ಮುಂದೆ ಇಡಿ. ಅರ್ಧ ಗಂಟೆಯಲ್ಲಿ ಬೇಜಾರು ಬಂದು ಎದ್ದು ಹೋದರೆ ಬಿಸಿಎಗೆ ಸೇರಿಸಿ. ಹಿಸ್ಟರಿ ಅಂದ್ರೆ ರಾಜರ ಕತೆ ಅಂತ ಅಂದುಕೊಂಡು ಸೇರುವವರೇ ಜಾಸ್ತಿ. ಓದುವುದು ಇಂಥದ್ದನ್ನು. ತೀರ್ವೆ (ಭೂಕಂದಾಯ) ರಶೀದಿ, ಚೀಟು, ಕೋರ್ಟಿನ ತೀರ್ಪು. ಅದೂ ಒಂದೇ ಕಡೆ ಸಿಗುವುದಿಲ್ಲ. ನಮ್ಮ ಊರಿನದೇ ಸಂಗತಿಗೆ ಮಂಗಳೂರಿಗೂ ಹೋಗಬೇಕು, ಚೆನ್ನೈ ಎಗ್ಮೋರಿನ ದಾಖಲೆ ಕೇಂದ್ರಕ್ಕೂ ಹೋಗಬೇಕು.

ಪೆರ್ಲದವ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ನಾಲ್ಕು ವರ್ಷದ ಕ್ರಮ ಓದಿ ಹೇಳಿದೆ. ‘ಬದಲಿಸಲಿಕ್ಕೆ ಆಗುತ್ತದಾ’ ಅಂತ ಮೂರು ಸಲ ಕೇಳಿದರು. ಒಪ್ಪಿದ್ದಾರೆ ಅಂತ ಹೇಳಲಾರೆ, ಆದರೆ ಬಿಸಿಎ ಸುದ್ದಿ ನಿನ್ನೆಯಿಂದ ಎತ್ತಿಲ್ಲ. ಅಮ್ಮ ಇನ್ನೂ ನರ್ಸಿಂಗಿನಲ್ಲೇ ಇದ್ದಾರೆ.

ಪೆಟ್ಟಿಗೆ ತೆಗೆದೆವು. ಅಜ್ಜನ ಅಪ್ಪನ ಕಾಲದ್ದು, ಅಡಿಕೆ ಹಾಳೆಯಲ್ಲಿ ಸುತ್ತಿ ಇಟ್ಟಿದ್ದರು. ತಂಗಿ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ, ಜಗಲಿಯಲ್ಲಿ ಟಾರ್ಚ್ ಹಿಡಿದು ಕೂತಿದ್ದಾಳೆ, ಹಗಲಿನಲ್ಲಿ ಟಾರ್ಚ್ ಯಾಕೆ ಅಂದರೆ ಕಾಗದದ ಹಿಂದಿನಿಂದ ಬೆಳಕು ಬಿಟ್ಟರೆ ಅಕ್ಷರ ಕಾಣುತ್ತದಂತೆ. ಒಂದು ತೀರ್ವೆ ರಶೀದಿಯಲ್ಲಿ ‘ಫಸಲಿ 1338’ ಅಂತ ಇದೆ. ಇದು ಯಾವ ಇಸವಿ ಅಂತ ನಿಮ್ಮನ್ನೇ ಕೇಳಲಿಕ್ಕೆ ಹೇಳಿದ್ದಾಳೆ.

ಹಳೇ ಆಧಾರ:
590 ಕೂಡಿಸಿ, 1928. ಆದರೆ ಫಸಲಿ ಅಂದ್ರೆ ಕಂದಾಯದ ವರ್ಷ, ಅದು ಶುರುವಾಗುವುದು ಜುಲೈಯಲ್ಲಿ, ಹಾಗಾಗಿ ರಶೀದಿಯ ತಿಂಗಳು ನೋಡಬೇಕು. ಜನವರಿಯದ್ದೋ ಆಮೇಲಿನದ್ದೋ ಆದರೆ 1929. ತಿಂಗಳು ಏನಿದೆ?

ಪೆರ್ಲದವ:
ಇಂಗ್ಲಿಷ್ ತಿಂಗಳು ಹರಿದು ಹೋಗಿದೆ. ಅದೇ ಕಟ್ಟಿನಲ್ಲಿರುವ ಚೀಟಿನಲ್ಲಿ ‘ವಿಭವ ಸಂವತ್ಸರದ ಮಕರ ತಿಂಗಳು’ ಅಂತ ಇದೆಯಂತೆ. ಎರಡೂ ಒಂದೇ ದಿನದ್ದು ಅಂತ ಅವಳ ವಾದ, ಯಾಕಂದ್ರೆ ಶಾಯಿ ಒಂದೇ.

ಹಳೇ ಆಧಾರ:
ವಿಭವ ಸಂವತ್ಸರ ಅಂದ್ರೆ 1928-29, ಮಕರ ತಿಂಗಳು ಬರುವುದು ಜನವರಿ ಮಧ್ಯದಿಂದ, ಹಾಗಾದರೆ ಚೀಟು 1929ರ ಜನವರಿ-ಫೆಬ್ರವರಿಯದ್ದು. ಶಾಯಿ ಒಂದೇ ಅಂತ ರಶೀದಿಗೂ ಅದೇ ದಿನ ಹಾಕಲಿಕ್ಕೆ ಆಗುವುದಿಲ್ಲ ಅಂತ ಹೇಳಿ. ಎರಡರಲ್ಲೂ ಶಾನುಭಾಗರ ಸಹಿ ಇದೆಯಾ ನೋಡಲಿ.