ಜಿಪ್ಸಿ: ಫ್ರಂಟ್ ಶಾಫ್ಟ್ ಬಿಚ್ಚಿದ್ರೂ ಗೊರ್ ಶಬ್ದ ಹೋಗ್ತಿಲ್ಲ, ಪೂರ್ತಿ ಟೂ ವೀಲ್ ಮಾಡೋದು ಹೇಗೆ?

ಹೇಮಾವತಿ_ಕಿಂಗ್:
ಗಾಡಿ ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಇಂಜಿನ್. ತೋಟ ಕೊಟ್ಟಾಯ್ತು, ಈಗ ಸಕಲೇಶಪುರ–ಹಾಸನ ಟಾರ್ ರೋಡ್ ಬಿಟ್ರೆ ಬೇರೆ ಓಡಾಟ ಇಲ್ಲ. ಐವತ್ತು ದಾಟಿದ್ರೆ ಮುಂದಿನಿಂದ ಗೊರ್ ಅಂತ ಶಬ್ದ. ಮೆಕ್ಯಾನಿಕ್ ಹೇಳಿದ, ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಫ್ರಂಟ್ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಬಿಡಿ, ಟೂ ವೀಲ್ ಆಗುತ್ತೆ, ಶಬ್ದ ಹೋಗುತ್ತೆ, ಮೈಲೇಜೂ ಬರುತ್ತೆ ಅಂತ. ಬಿಚ್ಚಿಸಿದೆ. ಶಬ್ದ ಹಾಗೇ ಇದೆ, ಮೈಲೇಜ್ ಕೇಳಲೇಬೇಡಿ. ಈಗ ಟ್ರಾನ್ಸ್‌ಫರ್ ಕೇಸನ್ನೇ (ಶಕ್ತಿಯನ್ನ ಹಿಂದೆ–ಮುಂದೆ ಹಂಚೋ ಪೆಟ್ಟಿಗೆ) ಇಳಿಸಿ ಗೇರ್‌ಬಾಕ್ಸ್‌ನಿಂದ ನೇರ ಹಿಂದಿನ ಆಕ್ಸಲ್ ಹೌಸಿಂಗ್‌ಗೆ ಒಂದೇ ಶಾಫ್ಟ್ ಕೊಡಿಸೋ ಯೋಚನೆ. ಮಾಡಿದವರಿದ್ರೆ ಹೇಳಿ. "ಫೋರ್ ವೀಲ್ ಯಾಕೆ ತೆಗೀತೀರಿ" ಅನ್ನೋ ಬುದ್ಧಿವಾದ ಬೇಡ.

ಸ್ಪ್ಯಾನರ್_ಹದಿನಾಲ್ಕು:
ಕ್ರಾಸ್ (ಶಾಫ್ಟ್ ತುದಿಯ ಕೂಡು ಕೀಲು) ಹೋಗಿದೆ. ನೂರಕ್ಕೆ ನೂರು. ಗೇರ್‌ಬಾಕ್ಸ್‌ನಿಂದ ಟ್ರಾನ್ಸ್‌ಫರ್ ಕೇಸ್‌ಗೆ ಒಂದು ಗಿಡ್ಡ ಶಾಫ್ಟ್ ಇದೆಯಲ್ಲ, ಅದರ ಕ್ರಾಸ್ ಯಾರೂ ನೋಡಲ್ಲ.

ಹೇಮಾವತಿ_ಕಿಂಗ್:
ಎಲ್ಲಾ ಕ್ರಾಸೂ ಹೊಸದು ಸರ್.

ಸ್ಪ್ಯಾನರ್_ಹದಿನಾಲ್ಕು:
ಹಾಗಾದ್ರೆ ಲೋಕಲ್ ಕ್ರಾಸ್ ಹಾಕಿದ್ದಾರೆ. ಇಳಿಸಿ ನೋಡಿ. ಗ್ರೀಸ್ ಹೊಡೆದಾಗ ನಾಲ್ಕೂ ಕಡೆಯಿಂದ ಹೊರಗೆ ಬರಬೇಕು, ಮೂರೇ ಕಡೆ ಬಂದ್ರೆ ಒಂದು ಬೇರಿಂಗ್ ಕಪ್ ಒಣಗಿದೆ ಅಂತ.

ಬಿಸಿಲೆ_ಘಾಟ್:
ಒಂದು ನಿಮಿಷ. ಮೊದಲು ಟ್ರಾನ್ಸ್‌ಫರ್ ಕೇಸ್ ವಿಷಯ. ಅದನ್ನ ಇಳಿಸಬೇಡಿ ಅಣ್ಣ. ಜಿಪ್ಸಿಯಲ್ಲಿ ಆ ಕೇಸಿನ ಹೈ ಗೇರ್ ಅಂದ್ರೆ ನೇರ ಒಂದು ಸುತ್ತಿಗೆ ಒಂದು ಸುತ್ತು ಅಲ್ಲ. ಕಿಂಗ್‌ನಲ್ಲಿ ಹೈ 1.409, ಲೋ 2.268. ಕೇಸ್ ತೆಗೆದ್ರೆ ಆ 1.409ರ ಇಳಿತ ಪೂರ್ತಿ ಹೋಗುತ್ತೆ, ಫಸ್ಟ್ ಗೇರೇ ಸೆಕೆಂಡ್ ಥರ ಎಳೆಯುತ್ತೆ. ಏರಿನಲ್ಲಿ ಕ್ಲಚ್ ವಾಸನೆ ನಿಮಗೇ ಬರುತ್ತೆ. ಕಿಲೋಮೀಟರ್ ಕೇಬಲ್ ಕೂಡ ಆ ಕೇಸ್‌ನಿಂದಲೇ ಬರೋದು. ಮೈಲೇಜ್ ಕಥೆಯೂ ಅಷ್ಟೇ: ಟೂ ಹೈನಲ್ಲಿ (ಟೂ ವೀಲ್, ಹೈ ಗೇರ್) ಓಡಿಸಿದ್ರೆ ಜಿಪ್ಸಿ ಮೊದಲಿಂದಲೂ ಹಿಂದಿನ ಚಕ್ರದ ಗಾಡಿಯೇ. ಶಾಫ್ಟ್ ಬಿಚ್ಚಿ ಉಳಿಸಿದ್ದು ಒಂದು ಕಬ್ಬಿಣದ ಪೈಪ್ ತಿರುಗೋ ಶಕ್ತಿ.

ಈಗ ಪ್ರಶ್ನೆ: ಚಕ್ರವನ್ನ ಆಕ್ಸಲ್‌ಗೆ ಸೇರಿಸೋ ಮುಂದಿನ ಹಬ್ ಯಾವುದು? ಆಕ್ಸಲ್‌ನಿಂದ ಚಕ್ರ ಬಿಡಿಸೋಕೆ ಕೈಯಲ್ಲಿ ತಿರುಗಿಸೋ ಲಾಕ್–ಫ್ರೀ ಇದೆಯಾ?

ಹಳೇ_ಜೀಪು:
ಇದಕ್ಕೇ ನಾನು ಮಹೀಂದ್ರ ಎಂಎಂ 540 ಜೀಪ್ ಬಿಟ್ಟಿಲ್ಲ. ಹ್ಯಾಂಡ್‌ಬ್ರೇಕೂ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೇ ಇದೆ, ಹಿಡಿದರೆ ಹಿಡಿದ ಹಾಗೆ. ಮೊನ್ನೆ ಪವರ್ ಸ್ಟೀರಿಂಗ್, ಮುಂದೆ ಡಿಸ್ಕ್, ಹಿಂದೆ ಎರಡೂ ಚಕ್ರ ಒಟ್ಟಿಗೇ ತಿರುಗಿಸೋ ಲಾಕರ್ ಹಾಕಿಸಿದೆ. ಫೋಟೋ ಹಾಕ್ತೀನಿ.

ಸ್ಪ್ಯಾನರ್_ಹದಿನಾಲ್ಕು:
ಇಲ್ಲಿ ಕೇಳ್ತಿರೋದು ಜಿಪ್ಸಿ ಬಗ್ಗೆ ಮಾರಾಯ್ರೆ.

ರೂಲ್_ಬುಕ್:
ಆರ್‌ಸಿಯಲ್ಲಿ ಫೋರ್ ವೀಲ್ ಇದ್ದು ಗಾಡಿ ಟೂ ವೀಲ್ ಆದ್ರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 (ಗಾಡಿ ಮಾರ್ಪಾಡಿನದು) ನೋಡಿಕೊಳ್ಳಿ. ಹದಿನೈದು ವರ್ಷದ ಆರ್‌ಸಿ ರಿನ್ಯೂವಲ್ ಹೊತ್ತಿಗೆ ತೊಂದರೆ.

ಬಿಸಿಲೆ_ಘಾಟ್:
ಬೋಲ್ಟ್ ಬಿಚ್ಚಿದ್ದು ಮತ್ತೆ ಹಾಕಬಹುದು. ಟ್ರಾನ್ಸ್‌ಫರ್ ಕೇಸ್ ಇಳಿಸೋದಾದ್ರೆ ನಿಮ್ಮ ಮಾತು ಸರಿ.

ರೂಲ್_ಬುಕ್:
ಹಾಕಬಹುದು ಅನ್ನೋದು ಬೇರೆ, ತಪಾಸಣೆ ದಿನ ಹಾಕಿರಬೇಕು ಅನ್ನೋದು ಬೇರೆ.

ಹಳೇ_ಜೀಪು:
ನಿಮ್ಮ 33 ಇಂಚಿನ ಟೈರ್ ಯಾವ ಸೆಕ್ಷನ್ ಸರ್?

ಹೇಮಾವತಿ_ಕಿಂಗ್:
ನನ್ನ ಶಬ್ದದ ಬಗ್ಗೆ ಮಾತಾಡಿದ್ರೆ ಉಪಕಾರ. ಹಬ್ ಮಾಮೂಲಿ ಫಿಕ್ಸೆಡ್. ಎಲ್ಲಾ ಜಿಪ್ಸಿಲೂ ಅದೇ ತಾನೇ ಇರೋದು?

ಬಿಸಿಲೆ_ಘಾಟ್:
ಇಲ್ಲ. ಇದನ್ನ ಮೊದಲೇ ಬರೆದಿದ್ರೆ ಕ್ರಾಸ್ ಪುರಾಣ ಬೇಕಿರಲಿಲ್ಲ. ಫಿಕ್ಸೆಡ್ ಹಬ್ ಇದ್ರೆ ಪ್ರೊಪೆಲ್ಲರ್ ಬಿಚ್ಚಿದ್ರೂ ಚಕ್ರದ ಜೊತೆ ಆಕ್ಸಲ್, ಒಳಗಿನ ಜಾಯಿಂಟ್, ಡಿಫರೆನ್ಷಿಯಲ್ ಎಲ್ಲಾ ತಿರುಗುತ್ತಲೇ ಇರುತ್ತೆ. ಖಾಲಿ ರೋಡಲ್ಲಿ ಅರವತ್ತಕ್ಕೆ ತಂದು ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಬೇಡಿ. ಶಬ್ದ ತಕ್ಷಣ ನಿಲ್ಲದೆ ವೇಗದ ಜೊತೆ ಇಳಿದ್ರೆ ಅದು ಚಕ್ರದ ಕಡೆಯದು. ಆಮೇಲೆ ಮುಂದೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ. ಸ್ಟೀರಿಂಗ್ ತಿರುಗಿಸಿ ನಕಲ್‌ನ (ಆಕ್ಸಲ್ ತುದಿಯಲ್ಲಿ ಚಕ್ರ ತಿರುಗೋ ಕೀಲು) ಗುಂಡು ಭಾಗವನ್ನೂ ನೋಡಿ, ಎಣ್ಣೆ ಇಳಿದಿದೆಯಾ ಅಂತ.

ಹೇಮಾವತಿ_ಕಿಂಗ್:
ನೋಡಿದೆ. ನ್ಯೂಟ್ರಲ್‌ನಲ್ಲೂ ಅದೇ ಗೊರ್. ಬಲಗಡೆ ಚಕ್ರ ಸಲೀಸು. ಎಡಗಡೆ ತಿರುಗಿಸಿದ್ರೆ ಒಳಗೆ ಮರಳು ಇದ್ದ ಹಾಗೆ ಕರಕರ. ಎಡ ನಕಲ್ ಹಿಂದೆ ಕಪ್ಪು ಜಿಡ್ಡು ಇಳಿದು ಡ್ರಮ್ ಬುಡದವರೆಗೂ ಧೂಳು ಮೆತ್ತಿದೆ. ಗ್ರೀಸ್ ಥರ ಇಲ್ಲ, ತೆಳ್ಳಗಿದೆ, ಗೇರ್ ಎಣ್ಣೆ ವಾಸನೆ.

ಸ್ಪ್ಯಾನರ್_ಹದಿನಾಲ್ಕು:
ಡ್ರಮ್ಮಾ? ಕಿಂಗ್‌ಗೆ ಮುಂದೆ ಡಿಸ್ಕ್ ಅಲ್ವಾ?

ಹೇಮಾವತಿ_ಕಿಂಗ್:
ಆಕ್ಸಲ್ ಹಳೇ ಗಾಡಿದು ಸರ್. ತಗೊಂಡಾಗಲೇ ಹಾಗಿತ್ತು.

ಬಿಸಿಲೆ_ಘಾಟ್:
ದೇವರೇ. ಇನ್ನೇನೇನು ಬಾಕಿ ಇದೆ ಹೇಳೋದಕ್ಕೆ?

ಇರಲಿ. ಒಳಗಿನ ಆಕ್ಸಲ್ ಸೀಲ್ ಹೋಗಿ ಹೌಸಿಂಗ್ ಎಣ್ಣೆ ನಕಲ್‌ಗೆ ಬಂದು ಗ್ರೀಸ್ ತೊಳೆದಿದೆ. ಹೌಸಿಂಗ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಎಣ್ಣೆ ತೂತಿನ ಅಂಚಿಗೇ ಸಿಗಬೇಕು, ಸಿಗದಿದ್ರೆ ಗಾಡಿ ತೆಗೀಬೇಡಿ. ಎಡ ನಕಲ್ ಬಿಚ್ಚಿಸಿ ಸೀಲ್, ವೀಲ್ ಬೇರಿಂಗ್, ನಕಲ್ ತಿರುಗೋ ಕಿಂಗ್‌ಪಿನ್ ಬೇರಿಂಗ್ ಒಟ್ಟಿಗೇ ನೋಡಿಸಿ. ರಿಪೇರಿ ಆದ್ಮೇಲೆ ಆ ಆಕ್ಸಲ್‌ಗೆ ಹೊಂದೋ ಫ್ರೀ ವೀಲ್ ಹಬ್ ಹಾಕಿಸಿ. ಫ್ರೀನಲ್ಲಿ ಬಿಟ್ರೆ ಮುಂದಿನ ಆಕ್ಸಲ್ ನಿಂತೇ ಇರುತ್ತೆ, ನೀವು ಕೇಳಿದ ಟೂ ವೀಲ್ ಅದೇ.

ಸ್ಪ್ಯಾನರ್_ಹದಿನಾಲ್ಕು:
ಹೆಂಗೂ ಬಿಚ್ಚಿಸ್ತೀರಲ್ಲ, ಆ ಗಿಡ್ಡ ಶಾಫ್ಟಿನ ಕ್ರಾಸೂ ಒಮ್ಮೆ ನೋಡಿಬಿಡಿ.

ಮಡ್_ಟೈರ್:
ಅಣ್ಣ, ಬಿಚ್ಚಿದ ಫ್ರಂಟ್ ಶಾಫ್ಟ್ ಕೊಡೋದಿದ್ರೆ ಹೇಳಿ. ಚಿಕ್ಕಮಗಳೂರಿಂದ ನಾನೇ ಬಂದು ತಗೊಂಡು ಹೋಗ್ತೀನಿ.